ಅರ್ಧಕ್ಕೆ ಬಿಟ್ಟವರ ಕೈಯಲ್ಲಿ ಉಳಿಯುವ ಇಂಗ್ಲಿಷ್

ಜೀವವಿಮೆ ಮಾಡಿಸಿದವರಿಗೆ ‘ಸರೆಂಡರ್ ವ್ಯಾಲ್ಯೂ’ ಎಂಬ ಮಾತು ಪರಿಚಿತ. ಕಂತು ಕಟ್ಟಲಾಗದೆ ಪಾಲಿಸಿಯನ್ನು ನಡುವೆಯೇ ಬಿಟ್ಟರೆ ಕೈಗೆ ಬರುವ ಮೊತ್ತ ಅದು. (ವಿಮೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ, ಮಾತನ್ನಷ್ಟೇ ಎರವಲು ಪಡೆಯೋಣ.) ಈ ಮಾತನ್ನು ಇಂಗ್ಲಿಷ್ ಬೋಧನೆಯ ಚರ್ಚೆಗೆ ತಂದವರು ಮೈಕೆಲ್ ವೆಸ್ಟ್. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಅವರು 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ಒಂದು ದೊಡ್ಡ ವರದಿ ಪ್ರಕಟಿಸಿದರು. ಅದರಲ್ಲಿ ಅವರು ಎತ್ತಿದ ಪ್ರಶ್ನೆ ಸರಳ. ಶಾಲೆಗೆ ಸೇರಿದ ಮಕ್ಕಳಲ್ಲಿ ಹೆಚ್ಚಿನವರು ಓದು ಮುಗಿಸುವ ಮುನ್ನವೇ ಬಿಟ್ಟುಹೋಗುತ್ತಾರೆ. ಹಾಗೆ ಬಿಟ್ಟುಹೋದವನ ಕೈಯಲ್ಲಿ ಅಷ್ಟು ವರ್ಷ ಕಲಿತ ಇಂಗ್ಲಿಷಿನಿಂದ ಏನು ಉಳಿಯುತ್ತದೆ? ಕೊನೆಯ ವರ್ಷದಲ್ಲಿ ಮಾತ್ರ ಫಲ ಕೊಡುವ ಪಾಠಕ್ರಮ ಅವನ ಮಟ್ಟಿಗೆ ಪೂರ್ತಿ ನಷ್ಟ. ಆದ್ದರಿಂದ ಮೊದಲ ವರ್ಷದಿಂದಲೇ ಏನಾದರೂ ಫಲ ಕೊಡುವ ಓದುವ ಶಕ್ತಿಯನ್ನು ಮೊದಲು ಕಲಿಸಿ ಎಂದರು ವೆಸ್ಟ್.

ಸುಮಾರು ನೂರು ವರ್ಷಗಳ ನಂತರ ಈ ಪ್ರಶ್ನೆಯನ್ನು ನಮ್ಮ ಮೇಗರವಳ್ಳಿಗೆ ತಂದು ನೋಡಬಹುದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಈ ಊರಿನ ಸುತ್ತ ಅಡಿಕೆ ತೋಟ, ಗದ್ದೆ, ಕಾಡು. ಮನೆಗಳು ಒಂದಕ್ಕೊಂದು ದೂರ. ಮಲೆನಾಡಿನ ಹಳ್ಳಿ ಶಾಲೆಗಳೂ ಹಾಗೆಯೇ ಚದುರಿಕೊಂಡಿವೆ. ಕೆಲವು ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕೈಬೆರಳಲ್ಲಿ ಎಣಿಸುವಷ್ಟು. ಮೂರು ನಾಲ್ಕು ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ಒಬ್ಬರೇ ಶಿಕ್ಷಕರ ಮುಂದೆ ಕುಳಿತಿರುತ್ತಾರೆ. ಅನುಕೂಲ ಇದ್ದವರ ಮಕ್ಕಳು ಬೆಳಿಗ್ಗೆ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಾರೆ. ಉಳಿದವರು ಇಲ್ಲೇ ಓದಿ, ಹತ್ತನೆಯ ತರಗತಿಯವರೆಗೆ ಹೇಗೋ ಬಂದು, ಆಮೇಲೆ ಅಂಗಡಿ, ಗ್ಯಾರೇಜು, ತೋಟದ ಕೆಲಸ ಎಂದು ಚದುರುತ್ತಾರೆ. ಹುಡುಗಿಯರಲ್ಲಿ ಬಹಳಷ್ಟು ಮಂದಿಗೆ ಅಲ್ಲಿಗೇ ಓದು ಮುಗಿಯುತ್ತದೆ. ನಮ್ಮ ಸಮುದಾಯದ ಹುಡುಗಿಯರ ಮಾತಂತೂ ಕೇಳುವುದೇ ಬೇಡ. ಇವರ ಇಂಗ್ಲಿಷಿನ ಸರೆಂಡರ್ ವ್ಯಾಲ್ಯೂ ಎಷ್ಟು?

ನನ್ನ ಅಂದಾಜಿನಲ್ಲಿ, ಹೆಚ್ಚುಕಡಿಮೆ ಸೊನ್ನೆ. ಇದಕ್ಕೆ ಮಕ್ಕಳ ದಡ್ಡತನವಾಗಲಿ ಶಿಕ್ಷಕರ ಸೋಮಾರಿತನವಾಗಲಿ ಕಾರಣವಲ್ಲ. ಪಾಠ ನಡೆಯುವ ಕ್ರಮವೇ ಹಾಗಿದೆ. ಶಿಕ್ಷಕರು ಪಾಠದ ಒಂದು ವಾಕ್ಯ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ಪಾಠ ಮುಗಿದ ಮೇಲೆ ಪ್ರಶ್ನೋತ್ತರಗಳನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಮಕ್ಕಳು ಅದನ್ನು ಚಿತ್ರ ಬಿಡಿಸಿದ ಹಾಗೆ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಪರೀಕ್ಷೆ ಹತ್ತಿರವಾದಾಗ ಗೈಡ್ ಬರುತ್ತದೆ. ಹಸುವಿನ ಮೇಲೆ ಪ್ರಬಂಧ, ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ, ಒಂದು ಪದ್ಯದ ಸಾರಾಂಶ, ಎಲ್ಲವೂ ಬಾಯಿಪಾಠ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲವೂ ಮರೆತುಹೋಗುತ್ತದೆ. ಈ ಮಗು ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದಿತ್ತು. ತಾನಾಗಿ ಒಂದು ಪುಟ ಓದಿ ಅರ್ಥ ಮಾಡಿಕೊಂಡ ದಿನ ಮಾತ್ರ ಬರಲಿಲ್ಲ.

ರಾಜ್ಯದಲ್ಲಿ ಚರ್ಚೆ ನಡೆದದ್ದೆಲ್ಲ ಮಾಧ್ಯಮದ ಸುತ್ತ. 1982ರ ಗೋಕಾಕ್ ಚಳವಳಿ, 1994ರ ಭಾಷಾನೀತಿಯ ಆದೇಶ, 2008ರಲ್ಲಿ ಅದರ ವಿರುದ್ಧ ಹೈಕೋರ್ಟಿನ ತೀರ್ಪು, 2014ರ ಮೇ 6ರಂದು ಅದೇ ದಾರಿಯಲ್ಲಿ ಬಂದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು, 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವ ನಿರ್ಧಾರ, ಅದಕ್ಕೆ ಸಾಹಿತಿಗಳ ವಿರೋಧ. ಈ ನಡುವೆ 2007ರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅದಕ್ಕೆ ಮುನ್ನ ಐದನೇ ತರಗತಿಯಿಂದ ಆರಂಭವಾಗುತ್ತಿತ್ತು. ಯಾವ ತರಗತಿಯಿಂದ, ಯಾವ ಮಾಧ್ಯಮದಲ್ಲಿ ಎಂದು ಇಷ್ಟು ಜಗಳವಾಡಿದ ನಾವು, ಹೇಗೆ ಎಂದು ಎಷ್ಟು ಹೊತ್ತು ಮಾತನಾಡಿದ್ದೇವೆ? ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿದ್ದರೆ, ತೀರ್ಥಹಳ್ಳಿಯ ಬಡ ತಂದೆತಾಯಿ ಸಾಲ ಮಾಡಿ ಮಾಧ್ಯಮವನ್ನೇ ಕೊಂಡುಕೊಳ್ಳಲು ಓಡುತ್ತಿದ್ದರೇ ಎಂಬುದು ನನ್ನ ಸಂಶಯ. ಗಣಿತವನ್ನೂ ವಿಜ್ಞಾನವನ್ನೂ ಅರ್ಥವಾಗದ ಭಾಷೆಯಲ್ಲಿ ಓದಿಸುವುದು ಇಂಗ್ಲಿಷ್ ಬರಲಿ ಎಂಬ ಆಸೆಗೆ ತೆರುವ ದುಬಾರಿ ದಂಡ. ಇಂಗ್ಲಿಷ್ ಬೇಡ ಎಂದು ಹಳ್ಳಿಯವರಿಗೆ ಉಪದೇಶ ಮಾಡುವವರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಮಕ್ಕಳು ಎಲ್ಲಿ ಓದುತ್ತಾರೆ ಎಂದು ಕೇಳಿದರೆ ಚರ್ಚೆ ಮುಗಿಯುತ್ತದೆ.

ಹಾಗಾದರೆ ‘ಹೇಗೆ’ ಎಂಬುದಕ್ಕೆ ಸಿಗುವ ಪುಸ್ತಕಗಳು ಎಂಥವು?

ಮೊದಲು ಎಲ್ಲರಿಗೂ ಗೊತ್ತಿರುವ ರ‍್ಯಾಪಿಡೆಕ್ಸ್. ಅರವತ್ತು ದಿನಗಳಲ್ಲಿ ಇಂಗ್ಲಿಷ್ ಮಾತನಾಡಿಸುವ ಭರವಸೆಯ ಈ ಪುಸ್ತಕ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾರಾಟವಾಗಿದೆ. ಗಲ್ಫಿಗೆ ಹೊರಟ ಎಷ್ಟೋ ಹುಡುಗರ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಅದೂ ಇತ್ತು. ವಿದ್ವಾಂಸರು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಅದು ಸರಿಯಲ್ಲ. ಓದುಗನ ಭಾಷೆಯಲ್ಲೇ ಅವನನ್ನು ಮಾತನಾಡಿಸುವ, ಅವನಿಗೆ ಕನ್ನಡ ಬರುವುದನ್ನು ಅವಮಾನವೆಂದು ತಿಳಿಯದ ಪುಸ್ತಕ ಅದು. ಅದರ ಕೊರತೆ ಬೇರೆ ಕಡೆ ಇದೆ. ಅಲ್ಲಿ ವಾಕ್ಯಗಳಿವೆ, ಆದರೆ ಅವನ್ನು ಯಾರಿಗೆ ಹೇಳಬೇಕು, ಏಕೆ ಹೇಳಬೇಕು ಎಂಬ ಸಂದರ್ಭವಿಲ್ಲ. ವಾಕ್ಯಗಳನ್ನು ಕಾಳಿನಂತೆ ಕೂಡಿಟ್ಟರೆ ಭಾಷೆ ಮೊಳೆಯುವುದಿಲ್ಲ.

ಇನ್ನೊಂದು ತುದಿಯಲ್ಲಿ ಹೊರದೇಶದಲ್ಲಿ ಅಚ್ಚಾದ, ಶಿಕ್ಷಕರಿಗೆಂದೇ ಬರೆದ ‘ಚಟುವಟಿಕೆ’ ಪುಸ್ತಕಗಳಿವೆ. ಬಣ್ಣದ ಚಿತ್ರ, ಕತ್ತರಿಸಿ ಹಂಚುವ ಚೀಟಿ, ಇಬ್ಬಿಬ್ಬರಾಗಿ ಕುಳಿತು ಕೇಳುವ ಪ್ರಶ್ನೆಗಳು. ಇವುಗಳಲ್ಲಿ ಒಳ್ಳೆಯ ವಿಚಾರಗಳಿಲ್ಲ ಎಂದಲ್ಲ. ಆದರೆ ಬರೆದವರ ಕಣ್ಣ ಮುಂದೆ ಇರುವುದು ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಇಂಗ್ಲಿಷ್ ಕಲಿಯಲು ದುಡ್ಡು ಕಟ್ಟಿ ಬಂದ ಹದಿನೈದು ಮಂದಿ ವಯಸ್ಕರು. ತರಗತಿಯ ಬಾಗಿಲು ದಾಟಿದರೆ ಬೀದಿಯಲ್ಲೇ ಅವರಿಗೆ ಇಂಗ್ಲಿಷ್ ಕೇಳಿಸುತ್ತದೆ. ಮೇಗರವಳ್ಳಿಯಲ್ಲಿ ಬಾಗಿಲು ದಾಟಿದರೆ ಮಳೆಯ ಸದ್ದು. ಆ ಪುಸ್ತಕಗಳಿಗೆ ಜೆರಾಕ್ಸ್ ಯಂತ್ರ ಬೇಕು, ಇಲ್ಲಿ ಮಳೆಗಾಲದಲ್ಲಿ ಕರೆಂಟೇ ಅತಿಥಿ. ನಮ್ಮವರೇ ಬರೆದ ಪುಸ್ತಕಗಳೋ, ಅರವತ್ತು ಎಪ್ಪತ್ತು ಮಕ್ಕಳ ದೊಡ್ಡ ತರಗತಿಯನ್ನು ಹೇಗೆ ನಿಭಾಯಿಸಬೇಕು ಎಂದು ಪುಟಗಟ್ಟಲೆ ಹೇಳುತ್ತವೆ. ಮಲೆನಾಡಿನ ಶಿಕ್ಷಕನ ಸಮಸ್ಯೆ ತದ್ವಿರುದ್ಧ: ಎಂಟು ಮಕ್ಕಳು, ನಾಲ್ಕು ತರಗತಿ. ಅವನಿಗೆಂದು ಯಾರೂ ಬರೆದಂತಿಲ್ಲ.

ವಿಪರ್ಯಾಸವೆಂದರೆ, ಜಗತ್ತಿನ ಭಾಷಾ ಬೋಧನೆಯ ದಿಕ್ಕನ್ನೇ ಬದಲಿಸಿದ ಒಂದು ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆಗೂಡಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇದನ್ನು ನಡೆಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಅದಕ್ಕೆ ಹೆಸರು. 1987ರಲ್ಲಿ ಪ್ರಭು ಅದರ ಬಗ್ಗೆ ಬರೆದ ಪುಸ್ತಕವನ್ನು ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಓದಿಸುತ್ತಾರೆ. ನಮ್ಮ ಎಷ್ಟು ಡಿ.ಎಡ್. ಕಾಲೇಜುಗಳಲ್ಲಿ ಅದರ ಹೆಸರಾದರೂ ಕೇಳಿಬರುತ್ತದೆ?

ಪ್ರಭು ಅವರ ವಿಚಾರವನ್ನು ಹೀಗೆ ಹೇಳಬಹುದು. ಮಗು ವ್ಯಾಕರಣದ ಮೇಲೆ ಗಮನವಿಟ್ಟಾಗಲ್ಲ, ಅರ್ಥದ ಮೇಲೆ ಗಮನವಿಟ್ಟಾಗ ಭಾಷೆ ಒಳಗೆ ಇಳಿಯುತ್ತದೆ. ಆದ್ದರಿಂದ ತರಗತಿಯಲ್ಲಿ ಮಕ್ಕಳ ಮುಂದೆ ಒಂದು ಸಮಸ್ಯೆ ಇಡಿ. ರೈಲ್ವೆ ವೇಳಾಪಟ್ಟಿ ಕೊಟ್ಟು, ಇಂಥ ಊರಿಗೆ ಸಂಜೆಯೊಳಗೆ ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು ಎಂದು ಕೇಳಿ. ಒಂದು ನಕ್ಷೆ ಕೊಟ್ಟು ದಾರಿ ಹುಡುಕಲು ಹೇಳಿ. ಮೊದಲು ಅಂಥದ್ದೇ ಒಂದು ಸಮಸ್ಯೆಯನ್ನು ಶಿಕ್ಷಕರು ಇಡೀ ತರಗತಿಯೊಂದಿಗೆ ಮಾತನಾಡುತ್ತಾ ಬಿಡಿಸುತ್ತಾರೆ. ಆಮೇಲೆ ಮಕ್ಕಳು ಇನ್ನೊಂದನ್ನು ತಾವೇ ಬಿಡಿಸುತ್ತಾರೆ. ಶಿಕ್ಷಕರ ಮಾತು ಇಂಗ್ಲಿಷಿನಲ್ಲಿ. ಮಗುವಿನ ಉತ್ತರ ಒಂದು ಪದವಾಗಿರಬಹುದು, ಒಂದು ಸಂಖ್ಯೆಯಾಗಿರಬಹುದು. ಉತ್ತರ ಸರಿಯೇ ತಪ್ಪೇ ಎಂಬುದು ಮುಖ್ಯ, ವಾಕ್ಯ ಸರಿಯೇ ಎಂಬುದು ಅನಂತರದ ಮಾತು. ಈ ಕ್ರಮಕ್ಕೆ ಬೇಕಾದ ಸಾಮಗ್ರಿ ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ. ಗುಂಪು ಚಟುವಟಿಕೆಯ ಗದ್ದಲವೂ ಬೇಕಿಲ್ಲ. ಮಕ್ಕಳು ಪರಸ್ಪರ ಅರೆಬರೆ ಇಂಗ್ಲಿಷನ್ನೇ ಕಲಿಸಿಕೊಂಡಾರು ಎಂದು ಪ್ರಭು ಅವರಿಗೆ ಗುಂಪು ಕೆಲಸದ ಬಗ್ಗೆ ಅಷ್ಟು ಒಲವಿರಲಿಲ್ಲ.

ಈ ಪ್ರಯೋಗಕ್ಕೂ ಟೀಕೆಗಳಿವೆ. ಅಲ್ಲಿ ಕಲಿಸಿದವರಲ್ಲಿ ಇಂಗ್ಲಿಷಿನ ಮೇಲೆ ಹಿಡಿತವಿದ್ದ, ವಿಶೇಷ ಆಸಕ್ತಿಯ ಶಿಕ್ಷಕರು ಇದ್ದರು. 1985ರ ಸುಮಾರಿಗೆ ಹೊರಗಿನ ವಿದ್ವಾಂಸರು ಮೌಲ್ಯಮಾಪನ ಮಾಡಿದಾಗ ಫಲಿತಾಂಶ ಪ್ರಯೋಗದ ಪರವಾಗಿ ಬಂದರೂ ಅದಕ್ಕೆ ಕೆಲವು ‘ಆದರೆ’ಗಳು ಅಂಟಿಕೊಂಡಿದ್ದವು. ಇಂಗ್ಲಿಷ್ ಎಂದರೆ ತಾವೇ ಬೆವರುವ ಶಿಕ್ಷಕರು ಇಡೀ ಅವಧಿ ಇಂಗ್ಲಿಷಿನಲ್ಲಿ ಮಾತನಾಡುವುದು ಹೇಗೆ? ಈ ಪ್ರಶ್ನೆಗೆ ಪ್ರಭು ಅವರ ಪುಸ್ತಕದಲ್ಲಿ ನನಗೆ ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ. ಆದರೆ ಅವರೇ 1990ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ಅದರ ಸುಳಿವು ಇದೆ. ಎಲ್ಲ ಕಡೆಗೂ ಸಲ್ಲುವ ಅತ್ಯುತ್ತಮ ವಿಧಾನ ಎಂಬುದೊಂದಿಲ್ಲ. ತಾನು ಮಾಡುತ್ತಿರುವುದರಿಂದ ಮಗು ಕಲಿಯುತ್ತಿದೆ ಎಂಬ ನಂಬಿಕೆ ಶಿಕ್ಷಕನಲ್ಲಿ ಜೀವಂತವಾಗಿರಬೇಕು ಎಂಬುದು ಆ ಲೇಖನದ ತಿರುಳು. ಅಂದರೆ ಮೇಗರವಳ್ಳಿಯ ಶಿಕ್ಷಕ ಬೆಂಗಳೂರಿನ ಪ್ರಯೋಗವನ್ನು ನಕಲು ಮಾಡಬೇಕಿಲ್ಲ. ತನ್ನ ಊರಿನ ಸಮಸ್ಯೆಯನ್ನು ಕರಿಹಲಗೆಗೆ ತಂದರೆ ಸಾಕು.

ತೀರ್ಥಹಳ್ಳಿಗೆ ರೈಲಿಲ್ಲ. ಆದರೆ ಬಸ್ಸುಗಳಿವೆ. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ, ತಿರುಗಿ ಬರುವ ಬಸ್ಸುಗಳ ಸಮಯ ಅಂಗಡಿಯವರ ಬಾಯಲ್ಲೇ ಇರುತ್ತದೆ. ಮಕ್ಕಳೇ ಅದನ್ನು ಕೇಳಿ ಬರೆದು ತರಲಿ, ಇಂಗ್ಲಿಷಿನಲ್ಲಿ ಒಂದು ಪಟ್ಟಿಯಾಗಲಿ. ಒಂದು ತಿಂಗಳ ಪಾಠ ಅಲ್ಲಿಂದಲೇ ಹುಟ್ಟುತ್ತದೆ. ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ನೇರ ಗೋಡೆಯ ಒಂದು ಡಬ್ಬಿ ಇಟ್ಟು, ಬೆಳಿಗ್ಗೆ ಸ್ಕೇಲಿನಲ್ಲಿ ಅಳೆದು ‘ಟುಡೇ ಏಯ್ಟಿ ಮಿಲಿಮೀಟರ್ಸ್, ಎಸ್ಟರ್‌ಡೇ ಫಿಫ್ಟಿ’ ಎಂದು ದಿನಾ ಬರೆಯಬಹುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಕುಳಿತ ಮಕ್ಕಳಿಗೆ ‘ಮೋರ್ ದ್ಯಾನ್’, ‘ಲೆಸ್ ದ್ಯಾನ್’ ಕಲಿಸಲು ಬೇರೆ ಪಾಠ ಬೇಕೆ?

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆ ಹಿಡಿಯುವ ಮೊದಲು ಪ್ರತಿ ಅಡಿಕೆ ತೋಟದಲ್ಲೂ ಕೊಳೆ ಔಷಧಿ ಹೊಡೆಯುತ್ತಾರೆ. ಅದೇ ಬೋರ್ಡೋ ದ್ರಾವಣ. ಶತಮಾನದ ಹಿಂದೆ ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನ ಮಾಡಿ, ಅದನ್ನು ನಮ್ಮ ತೋಟಗಳಲ್ಲಿ ಬಳಕೆಗೆ ತಂದರು. 1910ರಲ್ಲಿ ಅವರು ಬರೆದ ವರದಿಯಲ್ಲಿ ರೋಗದ ಹೆಸರೇ ‘ಕೋಲೆರೋಗ’ ಎಂದಿದೆ. ಇಂಗ್ಲಿಷಿಗೆ ಮಲೆನಾಡು ಕೊಟ್ಟ ಪದ ಅದು. ಮಕ್ಕಳಿಗೆ ಇದನ್ನು ಹೇಳಿದರೆ ಇಂಗ್ಲಿಷ್ ಬರೀ ಕೊಡುವ ಭಾಷೆಯಲ್ಲ, ತೆಗೆದುಕೊಳ್ಳುವ ಭಾಷೆಯೂ ಹೌದು ಎಂದು ತಿಳಿಯುತ್ತದೆ. ಈಗ ಪಾಠ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಶಿಕ್ಷಕರು ಬೋರ್ಡಿನ ಮೇಲೆ ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದು ಕೇಳಲಿ: ‘ಹೌ ಮಚ್ ಲೈಮ್ ಫಾರ್ ಫಾರ್ಟಿ ಲೀಟರ್ಸ್?’ ಮಗು ಲೆಕ್ಕ ಹಾಕಿ ‘ಫೋರ್ ಹಂಡ್ರೆಡ್ ಗ್ರಾಮ್ಸ್’ ಎನ್ನುತ್ತದೆ. ಯಾವುದನ್ನು ಯಾವುದಕ್ಕೆ ಸುರಿಯಬೇಕು? ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ. ‘ಇಂಟು’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಯಾವ ನಿಘಂಟಿನಲ್ಲಿದೆ? ಕೊನೆಗೆ ಕಬ್ಬಿಣದ ಕತ್ತಿ ಅದ್ದಿ ನೋಡುವ ಪರೀಕ್ಷೆ. ಕತ್ತಿ ಕೆಂಪಗಾದರೆ ಇನ್ನಷ್ಟು ಸುಣ್ಣ ಹಾಕಬೇಕು. ‘ಇಫ್ ದ ನೈಫ್ ಟರ್ನ್ಸ್ ರೆಡ್, ಆ್ಯಡ್ ಲೈಮ್.’ ವ್ಯಾಕರಣ ಪುಸ್ತಕದಲ್ಲಿ ಎರಡು ಪುಟ ತಿನ್ನುವ ‘ಇಫ್’ ವಾಕ್ಯ ತೋಟದ ಮಗುವಿಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ, ಏಕೆಂದರೆ ಅದರ ಸತ್ಯ ಅವನಿಗೆ ಮೊದಲೇ ಗೊತ್ತು. ಶಿಕ್ಷಕರಿಗೂ ಬೇಕಾದ್ದು ಹತ್ತು ಹನ್ನೆರಡು ವಾಕ್ಯ ಮಾತ್ರ. ಹಿಂದಿನ ರಾತ್ರಿ ಬರೆದಿಟ್ಟುಕೊಂಡರೆ ಬೆವರುವ ಅಗತ್ಯವಿಲ್ಲ.

ಮಕ್ಕಳು ತರಗತಿಗೆ ತರುವ ಭಾಷೆಗಳ ಕಡೆಗೆ ಈಗ ಬರೋಣ. ‘ದ್ವಿತೀಯ ಭಾಷೆ’ ಎಂದು ಸರಕಾರಿ ಕಾಗದದಲ್ಲಿ ಇಂಗ್ಲಿಷಿಗೆ ಹೆಸರು. ಅದು ಕಾಗದದ ಲೆಕ್ಕ. ಮೇಗರವಳ್ಳಿ ಸೀಮೆಯ ಒಬ್ಬ ಮುಸ್ಲಿಂ ಹುಡುಗನಿಗೆ ಮನೆಯಲ್ಲಿ ದಖನಿ ಉರ್ದು ಅಥವಾ ಬ್ಯಾರಿ, ಬೀದಿಯಲ್ಲಿ ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ. ಪಕ್ಕದಲ್ಲಿ ಕುಳಿತ ಗೆಳೆಯನ ಮನೆಯಲ್ಲಿ ಕೊಂಕಣಿಯೋ ತುಳುವೋ ಇರಬಹುದು. ಇವರಿಗೆ ಇಂಗ್ಲಿಷ್ ಮೂರನೆಯದು ಅಥವಾ ನಾಲ್ಕನೆಯದು. ಏಳನೆಯ ವಯಸ್ಸಿಗೆ ಮೂರು ಭಾಷೆಗಳ ನಡುವೆ ಓಡಾಡುವ ಮಗುವನ್ನು ನಾವು ‘ಭಾಷೆಯಲ್ಲಿ ಹಿಂದುಳಿದವನು’ ಎಂದು ದಾಖಲಿಸುತ್ತೇವೆ. ಅವನ ಕನ್ನಡದಲ್ಲಿ ಉರ್ದು ಛಾಯೆ ಕೇಳಿದರೆ ತರಗತಿಯೇ ನಗುತ್ತದೆ. ಆ ನಗುವಿಗೆ ಹೆದರಿ ಅವನು ಬಾಯಿ ಮುಚ್ಚಿದರೆ, ಬಾಯಿ ಮುಚ್ಚಿದವನಿಗೆ ಇಂಗ್ಲಿಷ್ ಕಲಿಸುವವರು ಯಾರು?

ಅವನು ತನ್ನೊಂದಿಗೆ ತಂದಿರುವುದನ್ನು ಎಣಿಸಿ ನೋಡಿ. ಇಂಗ್ಲಿಷಿನ ‘ಎಫ್’ ಧ್ವನಿ ಅಚ್ಚಗನ್ನಡದಲ್ಲಿಲ್ಲ. ಕಾಫಿ ಬೆಳೆಯುವ ಮಲೆನಾಡಿನಲ್ಲೇ ಅದನ್ನು ‘ಕಾಪಿ’ ಎಂದು ಕುಡಿಯುತ್ತೇವೆ. ‘ಝಡ್’ ಧ್ವನಿಯೂ ಇಲ್ಲ. ‘ಝೂ’ ನಮ್ಮಲ್ಲಿ ‘ಜೂ’ ಆಗುತ್ತದೆ. ಫಜ್ರ್, ಝಕಾತ್, ನಮಾಝ್ ಎಂದು ದಿನವೂ ಹೇಳುವ ಮಗುವಿಗೆ ಈ ಎರಡು ಧ್ವನಿಗಳು ಆಗಲೇ ನಾಲಿಗೆಯಲ್ಲಿವೆ. ಕನ್ನಡದ ‘ವ’ ಒಂದೇ. ಇಂಗ್ಲಿಷಿನಲ್ಲಿ ಹಲ್ಲು ತಾಗುವ ‘ವಿ’ ಬೇರೆ, ತುಟಿ ದುಂಡಗಾಗುವ ‘ಡಬ್ಲ್ಯೂ’ ಬೇರೆ. ‘ವುಝೂ’ ಎಂಬಲ್ಲಿ ಉಸ್ತಾದರು ತುಟಿ ದುಂಡಗೆ ಮಾಡಿಸಿದ್ದು ಅದೇ ಡಬ್ಲ್ಯೂ. ಇನ್ನು, ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಹೇಳುವ ‘ಥಿಂಕ್’ ಮತ್ತು ‘ದಿಸ್’ ಪದಗಳ ಮೊದಲ ಧ್ವನಿಗಳು. ಇವು ನಮ್ಮ ಥ, ದ ಅಲ್ಲವೇ ಅಲ್ಲ. ಅರಬಿ ವರ್ಣಮಾಲೆಯ ನಾಲ್ಕನೆಯ ಮತ್ತು ಒಂಬತ್ತನೆಯ ಅಕ್ಷರಗಳ ಧ್ವನಿಗಳು ನಿಖರವಾಗಿ ಇವೇ. ಉರ್ದು ಮಾತಿನಲ್ಲಿ ಅವು ಸವೆದು ಸ, ಝ ಆಗಿಬಿಡುತ್ತವೆ. ಆದರೆ ತಜ್ವೀದ್ ಬಲ್ಲ ಉಸ್ತಾದರು ಕುರ್‌ಆನ್ ಓದಿಸುವಾಗ ಅದನ್ನು ಒಪ್ಪುವುದಿಲ್ಲ. ‘ಕೌಸರ್’ ಎಂಬ ಪದದಲ್ಲಿ, ಫಾತಿಹಾದ ‘ಅಲ್ಲಝೀನ’ ಎಂಬ ಪದದಲ್ಲಿ ನಾಲಿಗೆ ಎಲ್ಲಿರಬೇಕು ಎಂದು ತೋರಿಸಿ, ಹತ್ತು ಸಲ ತಿದ್ದುತ್ತಾರೆ. ಧ್ವನಿ ಹುಟ್ಟುವ ಸ್ಥಾನಕ್ಕೆ ‘ಮಖ್ರಜ್’ ಎಂದು ಹೆಸರಿಟ್ಟು ಕಲಿಸುವ ಧ್ವನಿಶಾಸ್ತ್ರವೇ ಅದು. ನಗರದ ಸ್ಪೋಕನ್ ಇಂಗ್ಲಿಷ್ ಕೇಂದ್ರಗಳು ಸಾವಿರಾರು ರೂಪಾಯಿ ಪಡೆದು ಕಲಿಸುವ ಉಚ್ಚಾರಣೆಯ ಅರ್ಧ ಪಾಠ ಮದ್ರಸದ ಚಾಪೆಯ ಮೇಲೆ ಆಗಲೇ ಮುಗಿದಿದೆ. ಶಾಲೆಯ ಶಿಕ್ಷಕರಿಗೆ ಅದು ಗೊತ್ತಿಲ್ಲ, ಉಸ್ತಾದರಿಗೆ ಅದು ಇಂಗ್ಲಿಷಿಗೂ ಆಗುತ್ತದೆ ಎಂದು ಗೊತ್ತಿಲ್ಲ. ಇಬ್ಬರೂ ಒಂದು ಸಂಜೆ ಚಹಾ ಕುಡಿಯುತ್ತಾ ಮಾತನಾಡಿದರೆ ಖರ್ಚಿಲ್ಲದೆ ಆಗುವ ಕೆಲಸ ಇದು. ‘ಥಿಂಕ್’ ಹೇಳುವುದು ಹೇಗೆ ಎಂದು ಆ ಹುಡುಗ ತರಗತಿಯ ಮುಂದೆ ನಿಂತು ಉಳಿದವರಿಗೆ ತೋರಿಸುವ ದಿನ, ಅವನ ಕನ್ನಡಕ್ಕೆ ನಕ್ಕವರೂ ಅವನ ಬಾಯಿಯನ್ನೇ ನೋಡುತ್ತಾರೆ.

ಇಲ್ಲಿಯೇ ಒಂದು ಕಹಿ ಮಾತನ್ನೂ ಹೇಳಬೇಕು. ಅರ್ಥ ತಿಳಿಯದೆ ಧ್ವನಿಯನ್ನಷ್ಟೇ ಒಪ್ಪಿಸುವ ಓದನ್ನು ನಮ್ಮ ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಕುರ್‌ಆನ್ ಪಠಣಕ್ಕೆ ಅದರದೇ ಆದ ಮಹತ್ವವಿದೆ, ಅದು ಆರಾಧನೆ. ಇಂಗ್ಲಿಷ್ ಪಾಠ ಆರಾಧನೆಯಲ್ಲ. ಅದನ್ನೂ ಹಾಗೆಯೇ ಪಠಿಸಿ ಮುಗಿಸುವ ಮಗುವಿಗೆ ‘ಇದರಲ್ಲಿ ಏನು ಹೇಳಿದೆ?’ ಎಂದು ಅದರ ಮಾತಿನಲ್ಲೇ ಕೇಳುವವರು ಬೇಕು.

ಆ ‘ಅದರ ಮಾತಿನಲ್ಲೇ’ ಎಂಬುದಕ್ಕೆ ನಮ್ಮ ತರಬೇತಿಗಳಲ್ಲಿ ದೊಡ್ಡ ವಿರೋಧವಿದೆ. ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷ್ ಮಾತ್ರ, ಕನ್ನಡ ಬಂದರೆ ಕೆಟ್ಟಿತು ಎಂಬ ಮಡಿ. ನನಗೆ ಇದು ಅರ್ಥವಾಗದ ಮಡಿ. ಕನ್ನಡದಲ್ಲಿ ‘ಇದು ಮನೆ’ ಎಂದರೆ ವಾಕ್ಯ ಮುಗಿಯಿತು, ‘ಈಸ್’ ಎಂಬುದಕ್ಕೆ ಜಾಗವೇ ಇಲ್ಲ. ಅದಕ್ಕೇ ಮಗು ‘ದಿಸ್ ಹೌಸ್’ ಎಂದು ನಿಲ್ಲಿಸುತ್ತದೆ. ಉರ್ದುವಿನಲ್ಲಿ ‘ಯೇ ಘರ್ ಹೈ’. ಆ ‘ಹೈ’ಯನ್ನು ತೋರಿಸಿದರೆ ‘ಈಸ್’ ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎನ್ನುವ ನಾವು ‘ಐ ಹ್ಯಾವ್’ ಎಂಬಲ್ಲಿ ಎಡವುವುದು ಸಹಜ, ಕನ್ನಡದಲ್ಲಿ ಆ ಕ್ರಿಯಾಪದವೇ ಇಲ್ಲ. ‘ಎ’ ಮತ್ತು ‘ದ’ ಕಲಿಸುವುದು ಅಸಾಧ್ಯ ಎನ್ನುತ್ತಾರೆ. ‘ಅವನು ಪುಸ್ತಕ ತಂದ’ ಎಂಬುದಕ್ಕೂ ‘ಅವನು ಪುಸ್ತಕವನ್ನು ತಂದ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸಿ. ಮೊದಲನೆಯದು ಯಾವುದೋ ಪುಸ್ತಕ, ಎರಡನೆಯದು ನಮಗೆ ಗೊತ್ತಿರುವ ಪುಸ್ತಕ. ಬಹುಮಟ್ಟಿಗೆ ಅದೇ ‘ಎ’, ಅದೇ ‘ದ’. ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದ ಶಿಕ್ಷಕನಿಗೆ ಈ ಸಾಧನ ಸಿಗುವುದಿಲ್ಲ. ವಾಕ್ಯ ವಾಕ್ಯಕ್ಕೂ ಅರ್ಥ ಹೇಳಿ ಮುಗಿಸುವ ಅನುವಾದ ಬೇರೆ, ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಬೇರೆ. ಮೊದಲನೆಯದು ಮಗುವಿನ ಕೆಲಸವನ್ನು ಕಸಿದುಕೊಳ್ಳುತ್ತದೆ. ಎರಡನೆಯದು ಮಗುವಿಗೆ ಕೆಲಸ ಕೊಡುತ್ತದೆ.

ಈ ಸೀಮೆಯ ಹಿರಿಯರನ್ನೇ ನೋಡಿ. ಕುಪ್ಪಳಿಯ ಹುಡುಗ ತೀರ್ಥಹಳ್ಳಿಯಲ್ಲಿ ಕಲಿತು ಮೈಸೂರಿಗೆ ಹೋಗಿ, 1922ರಲ್ಲಿ ಇಂಗ್ಲಿಷ್ ಕವಿತೆಗಳ ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿನ್ನ ಭಾಷೆಯಲ್ಲಿ ಬರೆ ಎಂದದ್ದು, ಆ ಹುಡುಗ ಕುವೆಂಪು ಆದದ್ದು ಎಲ್ಲರೂ ಹೇಳುವ ಕತೆ. ಕನ್ನಡದ ಹಿರಿಮೆಗೆ ಅದನ್ನು ಹೇಳಿ ಮುಗಿಸುತ್ತೇವೆ. ಮಲೆನಾಡಿನ ಮೂಲೆಯಿಂದ ಬಂದವನಿಗೆ ಕವಿತೆ ಬರೆಯುವಷ್ಟು ಇಂಗ್ಲಿಷ್ ಹೇಗೆ ಬಂತು ಎಂದು ಕೇಳುವವರು ಕಡಿಮೆ. ಮೈಸೂರಿನ ಗ್ರಂಥಾಲಯದಲ್ಲಿ ಕುಳಿತು ಓದಿದ್ದರಿಂದ ಬಂತು. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿ ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಿಂದ ಹೊರಟು ಬರ್ಮಿಂಗ್‌ಹ್ಯಾಮಿಗೆ ಮುಟ್ಟಿದವರು. ಬದುಕಿನುದ್ದಕ್ಕೂ ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಬರೆದರು. ಮೊದಲು ಕಲಿತ ಭಾಷೆಗಳು ಇವರ ಇಂಗ್ಲಿಷಿಗೆ ಅಡ್ಡ ಬರಲಿಲ್ಲ. ಇವರಿಬ್ಬರೂ ಅಸಾಧಾರಣರು, ನಮ್ಮ ಮಕ್ಕಳನ್ನು ಇವರೊಂದಿಗೆ ಹೋಲಿಸುವುದು ಅನ್ಯಾಯ ಎನ್ನಬಹುದು. ಒಪ್ಪುತ್ತೇನೆ. ಆದರೆ ಇವರಿಗೆ ಸಿಕ್ಕ ಒಂದು ವಸ್ತು ನಮ್ಮ ಮಕ್ಕಳಿಗೆ ಸಿಕ್ಕಿಲ್ಲ: ಪಠ್ಯಪುಸ್ತಕವಲ್ಲದ ಪುಸ್ತಕ.

ಆ ಕೊರತೆಗೆ ಈಗ ನೆಪ ಉಳಿದಿಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕನ್ನಡ, ಇಂಗ್ಲಿಷ್ ಎರಡೂ ಇರುವ ಚಿತ್ರಕತೆಗಳನ್ನು ಕಡಿಮೆ ಬೆಲೆಗೆ ಕೊಡುತ್ತಾ ಬಂದಿದೆ. 2015ರಿಂದ ಅವರ ಸ್ಟೋರಿವೀವರ್ ತಾಣದಲ್ಲಿ ಸಾವಿರಾರು ಕತೆಗಳು ಉಚಿತ. ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಉರ್ದು ಕತೆಗಳೂ ಇವೆ. ಸಿಗ್ನಲ್ ಸಿಗುವ ಗುಡ್ಡಕ್ಕೆ ಹೋಗಿ ಮೊಬೈಲಿಗೆ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಬೇಡ. ನಾಲ್ಕು ತರಗತಿ ಒಂದೇ ಕೊಠಡಿಯಲ್ಲಿರುವುದು ಇಲ್ಲಿ ಅನುಕೂಲವೇ ಆಗುತ್ತದೆ. ಐದನೆಯವನು ಎರಡನೆಯವನಿಗೆ ಓದಿ ಹೇಳಲಿ. ತನಗಿಂತ ಚಿಕ್ಕವನಿಗೆ ಓದುವಾಗ ಸುಲಭದ ಪುಸ್ತಕ ಹಿಡಿಯಲು ಯಾರಿಗೂ ನಾಚಿಕೆಯಿಲ್ಲ. ಒಂದೇ ಕತೆಯನ್ನು ವಾರವಿಡೀ ಓದಿದರೂ ಪರವಾಗಿಲ್ಲ, ಮಕ್ಕಳಿಗೆ ಬೇಸರ ಬರುವುದು ನಮಗಿಂತ ತಡವಾಗಿ.

ಇನ್ನೊಂದು ಸಾಧನ ಮಗ್ಗುಲಲ್ಲೇ ಇದೆ. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದದ್ದು ಆಗುಂಬೆಯಲ್ಲಿ. ಅದರ ಮೊದಲ ಕೆಲವು ಕಂತುಗಳು ಹಿಂದಿಯ ಜೊತೆಗೆ ಇಂಗ್ಲಿಷಿನಲ್ಲೂ ತಯಾರಾಗಿವೆ. ಸ್ವಾಮಿಯ ಕತೆಯ ಐದು ನಿಮಿಷವನ್ನು ಸದ್ದಿಲ್ಲದೆ ತೋರಿಸಿ, ಅವನು ಏನು ಹೇಳುತ್ತಿರಬಹುದು ಎಂದು ಕೇಳಿ, ಆಮೇಲೆ ಸದ್ದಿನೊಂದಿಗೆ ತೋರಿಸಿ. ಬೀದಿ ಗುರುತಿನದು, ಮಳೆ ಗುರುತಿನದು, ಭಾಷೆ ಮಾತ್ರ ಹೊಸದು. ಆರ್.ಕೆ. ನಾರಾಯಣರ 1935ರ ಕಾದಂಬರಿಯಲ್ಲಿ ರಾಜಂ ಎಂಬ ಹುಡುಗನ ಇಂಗ್ಲಿಷ್ ಕೇಳಿ ಸ್ವಾಮಿಯ ತರಗತಿ ಬೆರಗಾಗುತ್ತದೆ. ಆ ಬೆರಗು, ಆ ಅಂಜಿಕೆ ಹಳೆಯದು.

ಶಿಕ್ಷಕರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವೂ ಹೌದು. ಪಠ್ಯ ಮುಗಿಸುವುದು ಯಾವಾಗ? ಪರೀಕ್ಷೆಯಲ್ಲಿ ಬರುವುದು ಬೋರ್ಡೋ ದ್ರಾವಣವಲ್ಲವಲ್ಲ? ಪ್ರಶ್ನೆಪತ್ರಿಕೆ ಪಾಠದೊಳಗಿನಿಂದಲೇ ಬರುವವರೆಗೆ ಬಾಯಿಪಾಠವೇ ಜಾಣತನ. ಆದರೆ ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಮಾತ್ರ ಲಿಖಿತ ಪರೀಕ್ಷೆಯದು. ಉಳಿದ 20 ಆಂತರಿಕ ಮೌಲ್ಯಮಾಪನದ್ದು, ಅದು ಶಾಲೆಯ ಕೈಯಲ್ಲೇ ಇದೆ. ಬಹಳ ಕಡೆ ಒಂದು ಪ್ರಾಜೆಕ್ಟ್ ಪುಸ್ತಕಕ್ಕೆ ಬಣ್ಣದ ಕಾಗದ ಅಂಟಿಸಿ ಅದನ್ನು ಕೊಟ್ಟುಬಿಡುತ್ತಾರೆ. ಅದರ ಬದಲು, ಹುಡುಗಿ ಎಂದೂ ನೋಡಿರದ ಒಂದು ಮಾತ್ರೆಯ ಚೀಟಿಯನ್ನೋ ಬ್ಯಾಂಕಿನ ಅರ್ಜಿಯನ್ನೋ ಕೀಟನಾಶಕದ ಡಬ್ಬಿಯನ್ನೋ ಅವಳ ಕೈಗೆ ಕೊಡಬಹುದು. ಯಾವ ತಾರೀಖಿನ ನಂತರ ಇದನ್ನು ನುಂಗಬಾರದು, ಎಲ್ಲಿ ಸಹಿ ಹಾಕಬೇಕು, ಮೈಗೆ ತಾಗಿದರೆ ಏನು ಮಾಡಬೇಕು ಎಂದು ಕೇಳಬಹುದು. ಪ್ರಶ್ನೆ ಕನ್ನಡದಲ್ಲೇ ಇರಲಿ, ಉತ್ತರವನ್ನೂ ಅವಳು ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಲಿ. ಓದಿದ್ದು ಇಂಗ್ಲಿಷ್ ಆದರೆ ಸಾಕು.